ಜಾಹೀರಾತಿನ ಕನ್ನಡ ಯಾವ ಊರಿನದು?

ಕರ್ನಾಟಕಕ್ಕೆ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ. ಹೀಗೆಂದರೆ ಬೆಂಗಳೂರಿನವರು ನಂಬುವುದಿಲ್ಲ. ಕಲಬುರಗಿ ಕಡೆಯವರೇ ಎಷ್ಟೋ ಮಂದಿ ಇದನ್ನು ಮರೆತಿದ್ದಾರೆ. ಅಮೆರಿಕದ ನಾಸಾ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಶುರುವಾಯಿತು. ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಅದಕ್ಕೆ ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದದ್ದು ಆಗಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯಾಕಾರದ ಆಂಟೆನಾ, ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ನೆಲದ ಮೇಲೆ ಕೂತ ಊರ ಮಂದಿ. ಹೈದರಾಬಾದಿನ ಕೇಂದ್ರದಲ್ಲಿ ತಯಾರಾದ ಕನ್ನಡ ಕಾರ್ಯಕ್ರಮಗಳು ಆಕಾಶದಿಂದ ಇಳಿದು ಬರುತ್ತಿದ್ದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಂದರೆ ನಮ್ಮ ಕಡೆಯ ಒಕ್ಕಲಿಗ ರಾಜಧಾನಿಯ ಗುಮಾಸ್ತನಿಗಿಂತ ಆರು ವರ್ಷ ಮೊದಲೇ ಟಿ.ವಿ. ವೀಕ್ಷಕನಾಗಿದ್ದ.

ಆ ಟಿ.ವಿ.ಯಲ್ಲಿ ಬೇಸಾಯದ ಮಾತಿತ್ತು, ಆರೋಗ್ಯದ ಮಾತಿತ್ತು, ಮಕ್ಕಳಿಗೆ ಬೆಳಗಿನ ಪಾಠವಿತ್ತು, ಕುಟುಂಬ ಯೋಜನೆಯ ಉಪದೇಶ ಧಾರಾಳವಾಗಿತ್ತು. ಇಲ್ಲದ್ದು ಒಂದೇ: ಜಾಹೀರಾತು. ದೂರದರ್ಶನ ಜಾಹೀರಾತುಗಳನ್ನು ತೆಗೆದುಕೊಳ್ಳಲು ಶುರುಮಾಡಿದ್ದು 1976ರ ಜನವರಿ 1ರಿಂದ. ಅದು ‘ಸೈಟ್’ ಪ್ರಯೋಗ ನಡೆದಿದ್ದ ವರ್ಷದ ನಟ್ಟನಡುವೆ. ದೊಡ್ಡ ಶಹರಗಳ ಟಿ.ವಿ.ಗೆ ಅಂಗಡಿ ಬಂದು ಕೂತಾಗ, ಹಳ್ಳಿಯ ಟಿ.ವಿ. ಇನ್ನೂ ಶಾಲೆಯಾಗಿಯೇ ಇತ್ತು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲೇ ಟಿ.ವಿ. ಪ್ರಸಾರ ಕೇಂದ್ರ ಬಂತು. ಶಾಲೆ ಅಂಗಡಿಯಾಗಲು ಆಮೇಲೆ ಬಹಳ ಕಾಲ ಬೇಕಾಗಲಿಲ್ಲ.

ಇವತ್ತು ಆಳಂದ ತಾಲ್ಲೂಕಿನ ಸರಸಂಬಾದಂಥ ಊರಿನಲ್ಲಿ ಸಂಜೆ ಧಾರಾವಾಹಿಯ ಹೊತ್ತಿಗೆ ಕೂತು ನೋಡಿದರೆ, ಕಥೆ ಮುಂದೆ ಹೋಗುವುದು ಸಾಬೂನು, ಶಾಂಪೂ, ಮಕ್ಕಳ ಪುಡಿ, ಸಿಮೆಂಟು, ಏಲಕ್ಕಿ ಮತ್ತು ಚಿನ್ನದ ಸಾಲದ ನಡುವೆ ಸಿಕ್ಕ ಸಂದಿಯಲ್ಲಿ. ಒಂದು ಗಂಟೆಯಲ್ಲಿ ಜಾಹೀರಾತು 12 ನಿಮಿಷ ಮೀರಬಾರದು, ಅದರಲ್ಲಿ ವಾಹಿನಿ ತನ್ನ ಕಾರ್ಯಕ್ರಮಗಳ ಬಗ್ಗೆ ಹೇಳಿಕೊಳ್ಳುವ 2 ನಿಮಿಷವೂ ಸೇರಬೇಕು ಎಂದು ಕೇಬಲ್ ಟಿ.ವಿ. ನಿಯಮಗಳು ಹೇಳುತ್ತವೆ. ಗಡಿಯಾರ ಹಿಡಿದು ಕೂತವರಿಗೆ ಆ 12 ನಿಮಿಷ ಎಷ್ಟು ಉದ್ದವೆಂಬುದು ಗೊತ್ತಾಗುತ್ತದೆ. ಆದರೆ ನನ್ನ ತಕರಾರು ಉದ್ದದ ಬಗ್ಗೆ ಅಲ್ಲ. ಈ ಜಾಹೀರಾತುಗಳು ಆಡುವ ಕನ್ನಡ ಯಾವ ಊರಿನದು, ಅದು ಯಾರ ಜೊತೆ ಮಾತಾಡುತ್ತಿದೆ ಎಂಬುದು ನನ್ನ ಪ್ರಶ್ನೆ.

ಮೊದಲು ಸ್ವಲ್ಪ ಹಳೆಯ ಮಾತು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿತು, ದೆಹಲಿಯಿಂದ ಇಡೀ ದೇಶಕ್ಕೆ ಒಂದೇ ಕಾರ್ಯಕ್ರಮ ಹರಿಯತೊಡಗಿತು. 1984ರ ಜುಲೈಯಲ್ಲಿ ‘ಹಮ್ ಲೋಗ್’ ಬಂತು. ಅದರ ಬೆನ್ನ ಮೇಲೆ ಮ್ಯಾಗಿ ನೂಡಲ್ಸ್ ಬಂತು. ಒಂದು ಧಾರಾವಾಹಿಯ ಖರ್ಚನ್ನು ಒಬ್ಬ ವ್ಯಾಪಾರಿ ಹೊರಬಹುದು, ಬದಲಿಗೆ ಅವನ ಮಾಲು ಮನೆಮನೆಗೆ ಪರಿಚಯವಾಗಬಹುದು ಎಂಬ ಲೆಕ್ಕ ಅಲ್ಲಿಂದ ಗಟ್ಟಿಯಾಯಿತು. ಗೋಧಿಯ ಶ್ಯಾವಿಗೆಯನ್ನು ಹೊಸೆದು, ಹಗ್ಗದ ಮೇಲೆ ಒಣಗಿಸಿ, ಡಬ್ಬಿ ತುಂಬಿಡುವ ನಾಡಿನಲ್ಲಿ ಎರಡು ನಿಮಿಷದ ಶ್ಯಾವಿಗೆಗೆ ಮಕ್ಕಳು ಹಟ ಹಿಡಿದದ್ದು ಆ ಲೆಕ್ಕದ ಫಲ. 1987ರ ಜನವರಿಯಲ್ಲಿ ‘ರಾಮಾಯಣ’, 1988ರ ಅಕ್ಟೋಬರಿನಲ್ಲಿ ‘ಮಹಾಭಾರತ’ ಬಂದಾಗಲಂತೂ ಭಾನುವಾರದ ಬೆಳಗು ದೇಶದ ಅತಿ ದೊಡ್ಡ ಸಂತೆಯಾಯಿತು.

ಆ ಕಾಲದ ಎರಡು ಸಾಬೂನು ಪುಡಿಗಳ ಜಗಳ ಜಾಹೀರಾತಿನ ಇತಿಹಾಸದಲ್ಲೇ ಪಾಠವಾಗುವಂಥದ್ದು. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಮನೆಯ ಹಿತ್ತಿಲಲ್ಲಿ ಪುಡಿ ಕಲೆಸಿ ಸೈಕಲ್ ಮೇಲೆ ಮಾರಲು ಶುರುಮಾಡಿದ ‘ನಿರ್ಮಾ’ ತನಗಿಂತ ಎಷ್ಟೋ ಪಟ್ಟು ದುಬಾರಿಯಾದ ‘ಸರ್ಫ್’ ಪುಡಿಯನ್ನು ಪೇಟೆಯಲ್ಲಿ ಹಿಂದೆ ಹಾಕಿತು. ತಿರುಗುವ ಬಿಳಿ ಲಂಗದ ಹುಡುಗಿ ಮತ್ತು ಒಂದು ಹಾಡು, ಇಷ್ಟೇ ಅದರ ಬಂಡವಾಳ. ಉತ್ತರವಾಗಿ ಸರ್ಫ್ ಕಂಪನಿ ತಂದದ್ದು ಲಲಿತಾಜಿಯನ್ನು. ಅಲೀಕ್ ಪದಮ್‌ಸೀ ಅವರ ಕಲ್ಪನೆಯ ಆ ಪಾತ್ರವನ್ನು ಮಾಡಿದ್ದು, ಆಮೇಲೆ ‘ಉಡಾನ್’ ಧಾರಾವಾಹಿಯಿಂದ ಹೆಸರಾದ, 2024ರ ಫೆಬ್ರುವರಿಯಲ್ಲಿ ತೀರಿಕೊಂಡ ಕವಿತಾ ಚೌಧರಿ. ಲಲಿತಾಜಿ ಸುಂದರಿಯಲ್ಲ, ನಾಚುವವಳಲ್ಲ, ಮೋಸಹೋಗುವವಳಲ್ಲ. ತರಕಾರಿಯವನ ಜೊತೆ ಚೌಕಾಸಿ ಮಾಡುವವಳು. ಅಗ್ಗದ್ದು ಬೇರೆ, ಒಳ್ಳೆಯದು ಬೇರೆ ಎಂದು ಎದುರಿನವನಿಗೆ ಲೆಕ್ಕ ಒಪ್ಪಿಸುವವಳು. ಅವಳ ಭಾಷೆ ತಿಳಿಯದ ಹೆಂಗಸರಿಗೂ ಅವಳ ದನಿ ತಿಳಿಯುತ್ತಿತ್ತು. ನಮ್ಮ ಸಂತೆಯಲ್ಲಿ ಬದನೆಕಾಯಿ ಕೈಯಲ್ಲಿ ಹಿಡಿದು ಹುಳುಕು ಹುಡುಕುವ ಯಾವ ಮುದುಕಿಯೂ ಲಲಿತಾಜಿಯೇ.

ಆಕೆ ಆಡುತ್ತಿದ್ದದ್ದು ಹಿಂದಿ. ಆಳಂದ ಭಾಗಕ್ಕೆ ಹಿಂದಿ ತೀರ ಅಪರಿಚಿತವಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನೆಲ, ಮಗ್ಗುಲಲ್ಲೇ ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾ. ಉರ್ದು ಕಿವಿಗೆ ಬಿದ್ದೇ ಇರುತ್ತದೆ, ಮರಾಠಿ ನಾಲಿಗೆಯ ಮೇಲೂ ಇರುತ್ತದೆ. ಹಾಗಾಗಿ ಹಿಂದಿ ಜಾಹೀರಾತು ಇಲ್ಲಿ ಹಿಂದಿಯಾಗಿಯೇ ಬಂದಾಗ ಯಾರೂ ತಬ್ಬಿಬ್ಬಾಗಲಿಲ್ಲ. ತಬ್ಬಿಬ್ಬಾದದ್ದು ಅದು ಕನ್ನಡವಾಗಿ ಬರತೊಡಗಿದ ಮೇಲೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗಿಗೆ ಅಘೋಷಿತ ನಿಷೇಧವಿತ್ತು. ಪರಭಾಷೆಯ ಚಿತ್ರಗಳು ಕನ್ನಡದ ಮಾತು ಹೊದ್ದು ಬಂದರೆ ಇಲ್ಲಿನ ಕಲಾವಿದರ, ತಂತ್ರಜ್ಞರ ಅನ್ನಕ್ಕೆ ಕುತ್ತು, ಕನ್ನಡ ಚಿತ್ರರಂಗವೇ ನಿಲ್ಲುವುದಿಲ್ಲ ಎಂಬ ಆತಂಕ ಅದರ ಹಿಂದಿತ್ತು. ಆ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಹೀಗಾಗಿ ‘ರಾಮಾಯಣ’, ‘ಮಹಾಭಾರತ’ಗಳನ್ನು ನಾವು ಹಿಂದಿಯಲ್ಲೇ ನೋಡಿದೆವು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ಹಲವು ಭಾಷೆಗಳಲ್ಲಿ ಬಂದಾಗಲೂ ಕನ್ನಡಕ್ಕೆ ಆ ಭಾಗ್ಯ ಇರಲಿಲ್ಲ. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿಷೇಧದ ವಿರುದ್ಧ ಆದೇಶ ಹೊರಡಿಸಿತು. 2020ರ ಲಾಕ್‌ಡೌನ್ ಹೊತ್ತಿಗೆ ಡಬ್ಬಾದ ಹೊಸ ‘ಮಹಾಭಾರತ’ ಕನ್ನಡ ವಾಹಿನಿಯಲ್ಲಿ ಬಂತು. ಆದರೆ ಈ ಐವತ್ತು ವರ್ಷಗಳ ವಾದ, ಸತ್ಯಾಗ್ರಹ, ಮೆರವಣಿಗೆಗಳ ನಡುವೆಯೇ ಒಂದು ಬಾಗಿಲು ಹಾರು ಹೊಡೆದಿತ್ತು. ಜಾಹೀರಾತುಗಳು ಮಾತ್ರ ದಿನಕ್ಕೆ ನೂರಾರು ಬಾರಿ ಡಬ್ಬಾಗಿಯೇ ಬರುತ್ತಿದ್ದವು. ಯಾರೂ ಧಿಕ್ಕಾರ ಕೂಗಲಿಲ್ಲ. ಅರ್ಧ ನಿಮಿಷದ್ದನ್ನು ಕಲೆಯೆಂದು ಯಾರು ಎಣಿಸುತ್ತಾರೆ? ಅದರಲ್ಲಿ ಹೋಗುವ ಅನ್ನ ಯಾರದೆಂದು ಯಾರಿಗೆ ಗೊತ್ತು? ಕೊನೆಗೆ, ಮನೆಯೊಳಗೆ ಅತಿ ಹೆಚ್ಚು ಸಲ ಕೇಳಿಬರುವ ಕನ್ನಡ ಅಂದರೆ ಡಬ್ಬಿಂಗ್ ಕನ್ನಡ ಎಂಬ ಸ್ಥಿತಿ, ಡಬ್ಬಿಂಗ್ ನಿಷೇಧವಿದ್ದ ರಾಜ್ಯದಲ್ಲೇ ಬಂತು.

ಆ ಕನ್ನಡ ತಯಾರಾಗುವ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಾಹೀರಾತು ಹುಟ್ಟುವುದು ಸಾಮಾನ್ಯವಾಗಿ ಮುಂಬೈಯಲ್ಲಿ, ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಯಲ್ಲಿ ಬರೆದದ್ದಾಗಿ. ಚಿತ್ರ ಒಂದೇ ಸಲ ತೆಗೆಯುತ್ತಾರೆ. ನಂತರ ಹತ್ತು ಭಾಷೆಗಳ ದನಿ ಅಂಟಿಸುತ್ತಾರೆ. ಇಪ್ಪತ್ತು ಸೆಕೆಂಡಿನ ಜಾಹೀರಾತಿನಲ್ಲಿ ನಟಿಯ ತುಟಿ ಎಷ್ಟು ಹೊತ್ತು ಆಡುತ್ತದೆಯೋ ಅಷ್ಟರಲ್ಲೇ ಕನ್ನಡದ ಮಾತೂ ಮುಗಿಯಬೇಕು. ತುಟಿ ಮುಚ್ಚಿದಾಗ ಪ, ಬ, ಮ ಬಂದರೆ ಇನ್ನೂ ಒಳ್ಳೆಯದು. ಇದು ಸುಲಭದ ಕೆಲಸವಲ್ಲ. ಅನುವಾದಕನನ್ನು ಬೈಯುವ ಮೊದಲು ಅವನ ಕೈಗೆ ಸಿಗುವ ಹೊತ್ತು, ಹಣ ಎಷ್ಟೆಂದು ಕೇಳಬೇಕು.

ಹಾಗಿದ್ದರೂ ಒಂದು ಮಾತು ಹೇಳಲೇಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವನು ವಾಕ್ಯವನ್ನು ತಲೆಕೆಳಗು ಮಾಡಲೇಬೇಕಾದ್ದರಿಂದ ಒಂದು ಕ್ಷಣವಾದರೂ ಯೋಚಿಸುತ್ತಾನೆ. ಹಿಂದಿಯ ವಾಕ್ಯ ಕನ್ನಡದ ವಾಕ್ಯದಂತೆಯೇ ಕ್ರಿಯಾಪದದಲ್ಲಿ ಮುಗಿಯುವುದರಿಂದ, ಪದ ತೆಗೆದು ಪದ ಇಟ್ಟರೆ ಸಾಕು, ವಾಕ್ಯ ನಿಂತುಬಿಡುತ್ತದೆ. ನಿಲ್ಲುತ್ತದೆ, ನಡೆಯುವುದಿಲ್ಲ. ಕನ್ನಡ ಜಾಹೀರಾತಿನಲ್ಲಿ ಯಾವ ಸಾಬೂನೂ ಮೈಯನ್ನು ಕಾಯುವುದಿಲ್ಲ, ಅದು ‘ರಕ್ಷಣೆ ನೀಡುತ್ತದೆ’. ಯಾರ ಕೂದಲೂ ಮಿರಿಮಿರಿ ಮಿಂಚುವುದಿಲ್ಲ, ಅವರು ‘ಹೊಳಪನ್ನು ಪಡೆಯುತ್ತಾರೆ’. ಪ್ರತಿ ಮಾತಿಗೂ ಒಂದು ‘ಗಾಗಿ’ ಬಾಲ: ಕುಟುಂಬಕ್ಕಾಗಿ, ಕೂದಲಿಗಾಗಿ, ಹಲ್ಲಿಗಾಗಿ. ಕನ್ನಡದ ‘ಗೆ’ ಎಂಬ ಒಂದಕ್ಷರದ ಪ್ರತ್ಯಯ ಮಾಡುತ್ತಿದ್ದ ಕೆಲಸಕ್ಕೆ ಎರಡಕ್ಷರದ ನೌಕರನನ್ನು ನೇಮಿಸಿದ್ದಾರೆ. ವಾಕ್ಯದ ಮೊದಲಿಗೇ ‘ಏಕೆಂದರೆ’. ಹಿಂದಿಯ ‘ಕ್ಯೋಂಕಿ’ ಅಲ್ಲಿ ಕೂತಿತ್ತು, ಅದರ ಜಾಗಕ್ಕೆ ಇದು ಬಂದು ಕೂತಿದೆ.

ಶಬ್ದಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ತ್ವಚೆ’ ಎಂಬ ಮಾತನ್ನು ಮೊದಲು ಆಯುರ್ವೇದದ ಪುಸ್ತಕ ಓದಿದವರು ಮಾತ್ರ ಬಳಸುತ್ತಿದ್ದಿರಬೇಕು. ಈಗ ಅದು ಪ್ರತಿ ಮನೆಯಲ್ಲೂ ಕೇಳುತ್ತದೆ. ನಮ್ಮ ಕಡೆ ಚರ್ಮವೂ ಅನ್ನುವುದಿಲ್ಲ, ‘ಮೈ’ ಅನ್ನುತ್ತಾರೆ. ಮುಖಕ್ಕೆ ‘ಮಾರಿ’ ಅನ್ನುತ್ತಾರೆ. ‘ಮಾರಿ ತೊಳಕೋ’ ಎಂದರೆ ಸರಸಂಬಾದ ಕೂಸು ಮುಖ ತೊಳೆಯುತ್ತದೆ. ಮೈಸೂರಿನ ಕೂಸು ದೇವರನ್ನು ನೆನೆದು ಹೆದರೀತು. ಹಾಗಾಗಿ ಮುಖದ ಕ್ರೀಮು ಮಾರುವವರು ‘ಮಾರಿ’ ಎಂಬ ಮಾತು ಬಳಸಲಿ ಎಂದು ಯಾರೂ ಹಟ ಹಿಡಿಯುವುದಿಲ್ಲ. ಆದರೆ ‘ರೋಗಾಣು’ ಎಂಬ ಒಳ್ಳೆಯ ಕನ್ನಡದ ಮಾತು ಶಾಲೆಯ ಪುಸ್ತಕದಲ್ಲಿ ಇದ್ದಾಗ ‘ಕೀಟಾಣು’ ಯಾಕೆ ಬಂತು? ಕೀಟ ಎಂದರೆ ಕನ್ನಡಿಗನಿಗೆ ಹುಳ. ತೊಗರಿಕಾಯಿ ಕೊರೆಯುವ ಹುಳ ಗೊತ್ತಿದ್ದ ರೈತನಿಗೆ ಕೈ ತೊಳೆಯದಿದ್ದರೆ ಹೊಟ್ಟೆಗೆ ಹೋಗುವುದು ಎಂಥ ಹುಳ ಎಂಬ ಸಂದೇಹ ಬಂದರೆ ಅದು ಅವನ ಅಜ್ಞಾನವಲ್ಲ.

ಸಂಬಂಧಗಳ ಮಾತಿನಲ್ಲಿ ಎಡವುವುದು ಇನ್ನೂ ಹೆಚ್ಚು. ಹಿಂದಿಯ ಸೊಸೆ ಅತ್ತೆಯನ್ನು ‘ಮಾಂಜಿ’ ಎಂದಳು. ಕನ್ನಡದಲ್ಲಿ ಅವಳು ‘ಅಮ್ಮ’ ಅನ್ನುತ್ತಾಳೆ. ಆಮೇಲೆ ಆ ಅಮ್ಮ ತವರಿನವಳೋ ಅತ್ತೆಮನೆಯವಳೋ ತಿಳಿಯದೆ ಅರ್ಧ ಹಾಸ್ಯ ಹಾಳಾಗುತ್ತದೆ. ನಮ್ಮಲ್ಲಿ ಅತ್ತಿ, ಮಾವ, ಕಾಕಾ, ವೈನಿ, ಅಕ್ಕ ಎಂದು ಕರೆಯುವ ಒಂದೊಂದು ಕರೆಗೂ ಒಂದೊಂದು ದೂರ, ಒಂದೊಂದು ಸಲಿಗೆ ಇದೆ. ಕಿರಾಣಿ ಅಂಗಡಿಯವನ ಜೊತೆ ಆಡುವ ‘ರಿ’ ಹಚ್ಚಿದ ಮಾತಿಗೂ ಮಗನ ಜೊತೆ ಆಡುವ ‘ಲೇ’ಗೂ ಇರುವ ಅಂತರವೇ ಕಲಬುರಗಿ ಕನ್ನಡದ ಜೀವ. ಜಾಹೀರಾತಿನ ಕನ್ನಡದಲ್ಲಿ ಎಲ್ಲರೂ ಎಲ್ಲರಿಗೂ ಬ್ಯಾಂಕಿನ ಗುಮಾಸ್ತರ ಹಾಗೆ ಮಾತಾಡುತ್ತಾರೆ.

ಇದು ಬೆಂಗಳೂರು ಕನ್ನಡ ಅಂದುಕೊಂಡು ನಮ್ಮ ಕಡೆಯವರು ಬೆಂಗಳೂರಿನವರ ಮೇಲೆ ಸಿಟ್ಟಾಗುವುದುಂಟು. ಅದು ಅನ್ಯಾಯ. ಬೆಂಗಳೂರಿನ ಮಲ್ಲೇಶ್ವರದಲ್ಲೂ ಯಾರೂ ಹೀಗೆ ಮಾತಾಡುವುದಿಲ್ಲ. ಇದು ಯಾವ ಊರಿನದೂ ಅಲ್ಲದ ಕನ್ನಡ. ಗಡಿಯಲ್ಲಿರುವ ಮನೆಗೆ ಒಂದು ಅನುಕೂಲವಿದೆ: ಒಂದೇ ಪೆಟ್ಟಿಗೆಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ವಾಹಿನಿಗಳು ಬರುತ್ತವೆ. ಅದೇ ನಟಿ, ಅದೇ ಬಾಲ್ದಿ, ಅದೇ ನೊರೆ. ಒಂದರ ಹಿಂದೊಂದು ಕೇಳಿದರೆ ಯಾವುದು ಮೂಲ, ಯಾವುದು ನೆರಳು ಎಂದು ಎಂಟು ವರ್ಷದ ಹುಡುಗನೂ ಹೇಳುತ್ತಾನೆ.

ಹಳ್ಳಿಯವರ ಮಾತು ಜಾಹೀರಾತಿಗೆ ಬೇಕಿಲ್ಲದಿದ್ದಕ್ಕೆ ಇನ್ನೊಂದು ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂಬ ರೇಟಿಂಗಿನ ಮೇಲೆ ಜಾಹೀರಾತಿನ ದರ ನಿಂತಿದೆ. ಆಯ್ದ ಮನೆಗಳ ಟಿ.ವಿ.ಗೆ ಒಂದು ಮೀಟರು ಜೋಡಿಸಿ ಆ ಅಂಕಿಯನ್ನು ಗುಣಿಸಿ ತೆಗೆಯುತ್ತಾರೆ. ಖಾಸಗಿ ವಾಹಿನಿಗಳ ಕಾಲ ಶುರುವಾದ ಮೇಲೆ ಬಹಳ ವರ್ಷ ಆ ಮೀಟರುಗಳು ಇದ್ದದ್ದು ಪಟ್ಟಣ, ಶಹರಗಳ ಮನೆಗಳಲ್ಲಿ ಮಾತ್ರ. ಹೊಸದಾಗಿ ಬಂದ ‘ಬಾರ್ಕ್’ ಸಂಸ್ಥೆ ಹಳ್ಳಿಗಳ ಅಂಕಿಯನ್ನೂ ಸೇರಿಸಿ ಕೊಡತೊಡಗಿದ್ದು 2015ರ ಅಕ್ಟೋಬರಿನಲ್ಲಿ. ಅಂದರೆ 1975ರಲ್ಲಿ ಟಿ.ವಿ.ಯ ಮುಂದೆ ಮೊದಲು ಕೂತ ನಮ್ಮ ಜಿಲ್ಲೆಯ ಹಳ್ಳಿಯವನು, ಪೇಟೆಯ ಲೆಕ್ಕಕ್ಕೆ ವೀಕ್ಷಕನೆನಿಸಿಕೊಂಡದ್ದು ನಲವತ್ತು ವರ್ಷಗಳ ನಂತರ. ಆ ಅಂಕಿಗಳು ಬಂದ ಕೂಡಲೇ ಹಿಂದಿಯ ಹಲವು ಉಚಿತ ವಾಹಿನಿಗಳು ದೊಡ್ಡ ವಾಹಿನಿಗಳಿಗೆ ಸರಿಸಮ ನಿಂತದ್ದನ್ನು ಕಂಡು ಜಾಹೀರಾತಿನ ಮಂದಿಯೇ ಬೆರಗಾದರು.

ಆದರೆ ವೀಕ್ಷಕನಾಗಿ ಎಣಿಸದಿದ್ದರೂ ಗಿರಾಕಿಯಾಗಿ ಎಣಿಸುವುದನ್ನು ಕಂಪನಿಗಳು ಎಂದೂ ಬಿಟ್ಟಿರಲಿಲ್ಲ. ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದ ಹಾಗೆ ತೂಗುವ ಒಂದು ರೂಪಾಯಿಯ ಶಾಂಪೂ ಚೀಟುಗಳನ್ನು ನೋಡಿ. ಬಾಟಲಿ ಕೊಳ್ಳಲಾಗದವರಿಗೆ ಒಂದು ತಲೆಸ್ನಾನಕ್ಕಾಗುವಷ್ಟನ್ನು ಮಾರಬಹುದೆಂದು ತೋರಿಸಿದ್ದು ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್. ಅವರ ಮಗ ಸಿ.ಕೆ. ರಂಗನಾಥನ್ ‘ಚಿಕ್’ ಶಾಂಪೂವನ್ನು 50 ಪೈಸೆಗೆ ಇಳಿಸಿ ಬಹುರಾಷ್ಟ್ರೀಯ ಕಂಪನಿಗಳಿಗೆ ಬಿಸಿ ಮುಟ್ಟಿಸಿದರು. ಸೀಗೆಕಾಯಿಯ ಮೇಲೆ ಚೀಟು ಗೆದ್ದದ್ದು ಟಿ.ವಿ. ಜಾಹೀರಾತಿನಿಂದ ಮಾತ್ರವಲ್ಲ, ಕೂಲಿಯ ದಿನದ ಲೆಕ್ಕಕ್ಕೆ ಅದು ಹೊಂದಿದ್ದರಿಂದ. ಇನ್ನೊಂದು ಚೋದ್ಯ: ಎಷ್ಟೋ ಸಲ ಮಿಲಿಲೀಟರಿನ ಲೆಕ್ಕ ಹಾಕಿದರೆ ದೊಡ್ಡ ಬಾಟಲಿಗಿಂತ ಚೀಟೇ ಅಗ್ಗ. ಲಲಿತಾಜಿಗೆ ಈ ಲೆಕ್ಕ ಖಂಡಿತ ಹೊಳೆಯುತ್ತಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತೊಗರಿಯ ಕಣಜ ಎಂದು ನಮ್ಮ ಜಿಲ್ಲೆಗೆ ಹೆಸರು. ಆದರೂ ಟಿ.ವಿ.ಯಲ್ಲಿ ಬೇಳೆಯ ಪಾಕೀಟು ಬಂದಾಗ ನಮಗೆ ಕಾಣುವುದು ಉತ್ತರದ ಅಡುಗೆಮನೆ, ಮೇಲಿನಿಂದ ಸುರಿಯುವ ತುಪ್ಪದ ಒಗ್ಗರಣೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುವ ತಾಟು ಜಾಹೀರಾತಿನಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಬೆಳೆಯುವ ಊರು ಚಿತ್ರದಲ್ಲಿಲ್ಲ, ಕೊಳ್ಳುವ ಊರಿನ ಪಟ್ಟಿಯಲ್ಲಿ ಮಾತ್ರ ಇದೆ.

ಬಿಸಿಲಿನ ಮಾತೂ ಇದೇ ಜಾತಿಯದು. ಮೇ ತಿಂಗಳಲ್ಲಿ ಪಾದರಸ ನಲವತ್ತು ಡಿಗ್ರಿ ದಾಟುವ ನಾಡು ಇದು. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಮೈ ಕಪ್ಪಾಗುವುದು ದುಡಿಮೆಯ ಲಕ್ಷಣ. ‘ಫೇರ್ ಅಂಡ್ ಲವ್ಲಿ’ ಬಂದದ್ದು 1975ರಲ್ಲಿ. ಅಲ್ಲಿಂದ ನಲವತ್ತೈದು ವರ್ಷ ಕಪ್ಪು ಹುಡುಗಿಗೆ ನೌಕರಿ ಇಲ್ಲ, ವರ ಇಲ್ಲ, ಬೆಳ್ಳಗಾದ ಕೂಡಲೇ ಎರಡೂ ಉಂಟು ಎಂಬ ಒಂದೇ ಕಥೆಯನ್ನು ಜಾಹೀರಾತುಗಳು ಹೇಳಿದವು. 2020ರಲ್ಲಿ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಬಿಳುಪು ಹೋಗಿ ‘ಕಾಂತಿ’ ಬಂತು. ಟ್ಯೂಬಿನ ಮೇಲಿನ ಅಕ್ಷರ ಬದಲಾದಷ್ಟು ಬೇಗ ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗುವುದಿಲ್ಲ, ಆ ಕಣ್ಣನ್ನು ತಿದ್ದಿ ಕೊಟ್ಟದ್ದರಲ್ಲಿ ಈ ಜಾಹೀರಾತುಗಳ ಪಾಲು ಸಣ್ಣದಲ್ಲ.

ಒಳ್ಳೆಯ ಜಾಹೀರಾತುಗಳೇ ಇಲ್ಲವೆಂದಲ್ಲ. ಫೆವಿಕಾಲ್ ಅಂಟಿನ 2002ರ ಆ ಬಸ್ಸು ನೆನಪಿದೆಯೇ? ಮರಳುಗಾಡಿನ ಹಾದಿಯಲ್ಲಿ ಮೇಲೆ, ಹಿಂದೆ, ಪಕ್ಕದಲ್ಲಿ ಜನ ಜೋತುಬಿದ್ದು ಕುಲುಕುತ್ತ ಹೋಗುವ ಬಸ್ಸು. ಒಬ್ಬರೂ ಬೀಳುವುದಿಲ್ಲ. ಒಂದು ಮಾತೂ ಇಲ್ಲ. ಅಂಥ ಟಂಟಂ, ಅಂಥ ಬಸ್ಸು ಆಳಂದ ರಸ್ತೆಯಲ್ಲಿ ಹತ್ತಿದವರಿಗೆ ಅದನ್ನು ಯಾರೂ ಅನುವಾದಿಸಿ ಹೇಳಬೇಕಿರಲಿಲ್ಲ. ಅದರ ಹಿಂದೆ ಇದ್ದವರು 2025ರ ಅಕ್ಟೋಬರಿನಲ್ಲಿ ತೀರಿಕೊಂಡ ಪಿಯೂಷ್ ಪಾಂಡೆ. ಇಂಗ್ಲಿಷಿನ ಕೋಟು ತೊಟ್ಟಿದ್ದ ಜಾಹೀರಾತಿಗೆ ಬೀದಿಯ ಹಿಂದಿ ಕಲಿಸಿದವರೆಂದು ಅವರನ್ನು ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಕನ್ನಡಕ್ಕೆ ಬೀದಿಯ ಕನ್ನಡ ಕಲಿಸುವ ಒಬ್ಬ ಪಾಂಡೆ ಮಾತ್ರ ಸಿಗಲಿಲ್ಲ.

ಕನ್ನಡದಲ್ಲೇ ಹುಟ್ಟಿದ ಜಾಹೀರಾತಿನ ಮಾತು ಬಂದರೆ ಮೊದಲು ನೆನಪಾಗುವುದು ನಂದಿನಿ ಹಾಲು. ಜೀವಮಾನದಲ್ಲಿ ಯಾವ ಸರಕಿಗೂ ಮುಖ ಕೊಡದಿದ್ದ ಡಾ. ರಾಜ್‌ಕುಮಾರ್ 1990ರ ದಶಕದಲ್ಲಿ ರೈತರ ಸಂಸ್ಥೆಯೆಂಬ ಕಾರಣಕ್ಕೆ ಹಣ ಪಡೆಯದೆ ಅದರಲ್ಲಿ ಕಾಣಿಸಿಕೊಂಡರು. ಅವರ ಮಗ ಪುನೀತ್ ಕೂಡ ಅದೇ ದಾರಿ ಹಿಡಿದರು. ಮೈಸೂರು ಸ್ಯಾಂಡಲ್ ಸಾಬೂನಿನದು ಬೇರೆ ದಾರಿ. ಸರ್ಕಾರದ ಈ ಹಳೆಯ ಸಾಬೂನಿಗೆ 2006ರಲ್ಲಿ ಕ್ರಿಕೆಟ್ ಆಟಗಾರ ಧೋನಿ ರಾಯಭಾರಿಯಾದರು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ಗೊತ್ತುಮಾಡಿದಾಗ ಕನ್ನಡದ ನಟಿಯರಿಲ್ಲವೇ ಎಂದು ದೊಡ್ಡ ಗದ್ದಲವಾಯಿತು. ಕರ್ನಾಟಕದ ಹೊರಗಿನ ಪೇಟೆ ಹಿಡಿಯಬೇಕಿದೆ ಎಂದು ಸಚಿವರು ಸಮರ್ಥಿಸಿಕೊಂಡರು. ನನಗೆ ಅನ್ನಿಸುವುದಿಷ್ಟು: ಯಾರ ಮುಖ ಎಂದು ಜಗಳವಾಡಿದ ನಾವು, ಆ ಮುಖ ಆಡುವ ಕನ್ನಡದ ಸಾಲು ಎಂಥದು ಎಂದು ಒಮ್ಮೆಯೂ ಕೇಳಲಿಲ್ಲ.

ಈಚಿನ ವರ್ಷಗಳ ಜಾಹೀರಾತುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಏಲಕ್ಕಿ. ಇಷ್ಟೊಂದು ದೊಡ್ಡ ದೊಡ್ಡ ನಟರು ಇಷ್ಟು ಸಣ್ಣ ಏಲಕ್ಕಿಯ ಹಿಂದೆ ಏಕೆ ಬಿದ್ದಿದ್ದಾರೆಂದು ಮಕ್ಕಳು ಕೇಳುತ್ತಾರೆ. ತಂಬಾಕು, ಮದ್ಯಗಳ ಜಾಹೀರಾತಿಗೆ ಟಿ.ವಿ.ಯಲ್ಲಿ ಅವಕಾಶವಿಲ್ಲ. ತಂಬಾಕು ಬೆರೆಸಿದ ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಆದರೆ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದಲ್ಲಿ ಏಲಕ್ಕಿ ಮಾರಿದರೆ ನೋಡುವವನಿಗೆ ಬೇರೆಯೇ ನೆನಪಾಗುತ್ತದೆ. ಹೆಸರು ಒಂದರದು, ವ್ಯಾಪಾರ ಇನ್ನೊಂದರದು. ಇದಕ್ಕೆ ಬದಲಿ ಜಾಹೀರಾತು ಎನ್ನುತ್ತಾರೆ. ಇಂಥ ಜಾಹೀರಾತಿನಿಂದ 2021ರಲ್ಲಿ ಅಮಿತಾಭ್ ಬಚ್ಚನ್ ಹಿಂದೆ ಸರಿದರು, 2022ರಲ್ಲಿ ಅಕ್ಷಯ್ ಕುಮಾರ್ ಅಭಿಮಾನಿಗಳ ಕ್ಷಮೆ ಕೇಳಿ ಹೊರಬಂದರು. ಹಾಗೆಯೇ ಕ್ರಿಕೆಟ್ ನಡುವೆ ಸುರಿಯುತ್ತಿದ್ದ ಹಣದ ಆಟದ ಆ್ಯಪುಗಳ ಜಾಹೀರಾತು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ತಂದ ಮೇಲೆ ಒಮ್ಮೆಲೇ ನಿಂತಿತು. ಆ ಆಟಗಳಲ್ಲಿ ಹಣ ಹೋಗಬಹುದೆಂಬ ಎಚ್ಚರಿಕೆಯನ್ನು ಅವು ಕೊನೆಯ ಎರಡು ಸೆಕೆಂಡಿನಲ್ಲಿ ಉಸಿರು ತೆಗೆದುಕೊಳ್ಳದೆ ಓದಿ ಮುಗಿಸುತ್ತಿದ್ದವು.

ನಮ್ಮ ಮೂಲ ಪ್ರಶ್ನೆ ಮತ್ತೆ ಬರುವುದು ಇಲ್ಲಿಯೇ. ಜಾಹೀರಾತಿನಲ್ಲಿ ಆಸೆ ತೋರಿಸುವ ಮಾತು ದೊಡ್ಡ ದನಿಯಲ್ಲಿ, ಕನ್ನಡದಲ್ಲಿ ಇರುತ್ತದೆ. ಷರತ್ತಿನ ಮಾತು ಪರದೆಯ ಬುಡದಲ್ಲಿ, ಇರುವೆಯ ಗಾತ್ರದ ಇಂಗ್ಲಿಷಿನಲ್ಲಿ ಓಡುತ್ತದೆ. ಹಲ್ಲು ಇಷ್ಟು ದಿನದಲ್ಲಿ ಬೆಳ್ಳಗಾಗುತ್ತದೆ ಎಂಬುದು ಎಲ್ಲಿ, ಯಾರ ಮೇಲೆ ನಡೆಸಿದ ಪರೀಕ್ಷೆಯಿಂದ ತಿಳಿದದ್ದು. ಪುಡಿ ಕಲೆಸಿ ಕುಡಿದ ಮಗು ಎತ್ತರವಾಗುವುದು ಪುಡಿಯಿಂದ ಮಾತ್ರವೇ ಅಥವಾ ಜೊತೆಗೆ ಹೊಟ್ಟೆ ತುಂಬ ಊಟವೂ ಬೇಕೇ. ಚಿನ್ನದ ಸಾಲದ ಬಡ್ಡಿ ಯಾವಾಗ ಏರುತ್ತದೆ, ಇದೆಲ್ಲ ಆ ಸಾಲಿನಲ್ಲಿರುತ್ತದೆ. ಸಾಲ ತೆಗೆಯುವವಳು ಸರಸಂಬಾದ ಹೆಣ್ಣುಮಗಳು, ಓದಬೇಕಾದದ್ದು ಇಂಗ್ಲಿಷ್. ತಾಳಿಯ ಸರ ಅಡವಿಟ್ಟವಳಿಗೆ ಇದು ಭಾಷಾಭಿಮಾನದ ಪ್ರಶ್ನೆಯಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಇದು ನಿಯಮಕ್ಕೆ ವಿರುದ್ಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನಿನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ಬಗೆಯದಿರಬೇಕು, ಕಣ್ಣಿಗೆ ಕಾಣುವಂತಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಬದಲಿ ಜಾಹೀರಾತಿಗೂ ಅದರಲ್ಲಿ ನಿಷೇಧವಿದೆ. 1985ರಿಂದ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಮಾನಕ ಪರಿಷತ್ತು ಮುಂಬೈಯಲ್ಲಿದೆ, ಅದೂ ವೀಕ್ಷಕರ ದೂರು ಕೇಳುತ್ತದೆ. ಕಾಯ್ದೆಗೆ ಹಲ್ಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. 2024ರಲ್ಲಿ ಪತಂಜಲಿ ಔಷಧಗಳ ಜಾಹೀರಾತಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಂಪನಿಯಿಂದ ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿತು. ಅದೇ ವರ್ಷ ಬೋರ್ನ್‌ವಿಟಾದಂಥ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ಗುಂಪಿನಲ್ಲಿಟ್ಟು ಮಾರಬಾರದೆಂದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಸರ್ಕಾರ ಸೂಚಿಸಿತು.

ಈ ನಡುವೆ ದನಿ ಅಂಟಿಸುವ ಕೆಲಸಕ್ಕೆ ಯಂತ್ರವೂ ಬಂದಿದೆ. 2021ರ ದೀಪಾವಳಿಗೆ ಕ್ಯಾಡ್ಬರಿ ಕಂಪನಿ ಶಾರುಖ್ ಖಾನರ ಮುಖ, ದನಿಗಳನ್ನು ಯಂತ್ರಕ್ಕೆ ಕೊಟ್ಟು, ನೋಡುವವನ ಪಿನ್‌ಕೋಡಿಗೆ ಹೊಂದುವ ಹತ್ತಿರದ ಅಂಗಡಿಗಳ ಹೆಸರನ್ನು ಅವರ ಬಾಯಿಂದ ಹೇಳಿಸಿತು. ಅಂಗಡಿಯ ಹೆಸರನ್ನು ಊರಿಗೆ ತಕ್ಕಂತೆ ಬದಲಿಸಬಲ್ಲ ಯಂತ್ರಕ್ಕೆ ಮಾತಿನ ರೂಢಿಯನ್ನು ಊರಿಗೆ ತಕ್ಕಂತೆ ಬದಲಿಸುವುದು ದೊಡ್ಡದಲ್ಲ. ಜಾಹೀರಾತಿನ ಹಣ ಟಿ.ವಿ.ಯಿಂದ ಮೊಬೈಲಿನ ಕಡೆಗೆ ಹರಿಯುತ್ತಿರುವಾಗ ಅದು ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಆಗ ಸಾಬೂನು ‘ಅರಿವಿ ಒಗಿಲಿಕ್ಕ ಛಲೋ ಅದ ನೋಡ್ರಿ’ ಎಂದು ನಮ್ಮ ಕಾಕಾನ ದನಿಯಲ್ಲೇ ಹೇಳಬಹುದು. ಅಪರಿಚಿತ ಕನ್ನಡವನ್ನು ಕೇಳಿ ‘ಇದು ಮಾರಲು ಬಂದವನ ಮಾತು’ ಎಂದು ಗುರುತು ಹಿಡಿಯುವುದಾದರೂ ಈಗ ಸುಲಭವಿದೆ. ಕಾಕಾನ ದನಿಯಲ್ಲಿ ಬಂದದ್ದನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅಲ್ಲಿಯವರೆಗೆ ಕೈಲಾದದ್ದು ಒಂದಿದೆ. ಷರತ್ತನ್ನು ಇಂಗ್ಲಿಷಿನಲ್ಲಿ ಬಚ್ಚಿಟ್ಟ ಕನ್ನಡ ಜಾಹೀರಾತು ಕಂಡರೆ ವಾಹಿನಿಯ ಹೆಸರು, ದಿನಾಂಕ, ಹೊತ್ತು ಬರೆದಿಟ್ಟುಕೊಂಡು, ಸಾಧ್ಯವಾದರೆ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಅಲ್ಲಿ ಕನ್ನಡದಲ್ಲೇ ಹೇಳಬಹುದು.